ಹುಳುಮನೆಯ ಹಿಂಗೋಡೆ

ನಮ್ಮ ಮನೆಯಲ್ಲಿ ಚಳಿಗಾಲಕ್ಕೆ ಬೆಚ್ಚಗಿರುತ್ತಿದ್ದ ಕೋಣೆ ಒಂದೇ ಒಂದು. ಅದು ಹುಳುಗಳದ್ದು. ಮುಂದೆ ಜಗಲಿ, ಜಗಲಿ ದಾಟಿದರೆ ನಾವೆಲ್ಲ ಉಣ್ಣುತ್ತಿದ್ದ, ಮಲಗುತ್ತಿದ್ದ ಪಡಸಾಲೆ, ಅದರ ಹಿಂದೆ ಎಡಕ್ಕೆ ಅಡುಗೆಮನೆ, ಬಲಕ್ಕೆ ಹುಳುಮನೆ, ಅವೆರಡರ ಬೆನ್ನಿಗೆ ಹಿತ್ತಿಲು. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದ. ಬಿದಿರಿನ ತಟ್ಟೆಗಳನ್ನು ನೆಲದಿಂದ ಮಾಡಿನವರೆಗೆ ಒಂದರ ಮೇಲೊಂದು ಜೋಡಿಸಿ, ಹಿಂಗೋಡೆಗೆ ತಾಗಿದಂತೆ ಎರಡು ಮಣ್ಣಿನ ಕುಂಪಟಿಗಳಲ್ಲಿ ಇದ್ದಿಲ ಕೆಂಡ ತುಂಬಿಡುತ್ತಿದ್ದ. ಆ ಕೋಣೆಗೆ ಹೋಗುವುದೆಂದರೆ ಗುಡಿಯೊಳಕ್ಕೆ ಹೋದ ಹಾಗೆ. ಕಾಲು ತೊಳೆಯಬೇಕು, ಹೊಸ್ತಿಲಲ್ಲಿ ಚೆಲ್ಲಿದ ಸುಣ್ಣದ ಪುಡಿ ತುಳಿದೇ ಒಳಗಡಿಯಿಡಬೇಕು, ತಲೆಗೆ ವಾಸನೆ ಎಣ್ಣೆ ಹಚ್ಚಿದ್ದರೆ ಬಾಗಿಲಲ್ಲೇ ನಿಲ್ಲಬೇಕು. ಹುಳು ಮೇಯುವ ದಿನಗಳಲ್ಲಿ ಘಾಟು ಆಗದೆಂದು ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವಂತಿರಲಿಲ್ಲ. ಸಪ್ಪೆ ಸಾರು ಉಂಡು, ತಣ್ಣನೆಯ ಪಡಸಾಲೆಯಲ್ಲಿ ಮುದುರಿಕೊಂಡು, ಗೋಡೆಯಾಚೆ ಹುಳುಗಳು ಸೊಪ್ಪು ಕಡಿಯುವ ಸದ್ದನ್ನು ಕೇಳುತ್ತಾ ನಿದ್ದೆ ಹೋಗುವುದು ನನಗೆ ಲೋಕದ ನಿಯಮವೆಂದೇ ತೋರುತ್ತಿತ್ತು. ಎಲ್ಲರ ಮನೆಯಲ್ಲೂ ಮೊದಲು ಹುಳುಗಳಿಗೆ ಬೆಚ್ಚಗಾಗಬೇಕು, ಆಮೇಲೆ ಉಳಿದರೆ ಮನುಷ್ಯರಿಗೆ ಎಂದುಕೊಂಡಿದ್ದೆ.

ಅವ್ವನಿಗೆ ಹಾಗೆ ತೋರುತ್ತಿರಲಿಲ್ಲ. ಅವಳು ರಾಯದುರ್ಗದ ಹೆಣ್ಣು. ಬಂಡೆ ಕಾಯ್ದು ಬೇಸಗೆಯಲ್ಲಿ ರಾತ್ರಿಯೂ ಸೆಕೆ ಇಳಿಯದ ಊರಿನಲ್ಲಿ ಬೆಳೆದವಳು. ಮಡಕಶಿರದ ಈಚೆ, ರತ್ನಗಿರಿಯ ಕೋಟೆಗುಡ್ಡ ಕಣ್ಣಿಗೆ ಕಾಣುವ ನಮ್ಮೂರಿಗೆ ಮದುವೆಯಾಗಿ ಬಂದಳು. ಆಗ ಎರಡೂ ಒಂದೇ ಜಿಲ್ಲೆಯ ಎರಡು ಮೂಲೆ. ಆದರೆ ಬಯಲಿನ ಮೇಲಿಂದ ಬರುವ ನಮ್ಮ ಮಾರ್ಗಶಿರದ ಗಾಳಿಗೆ ಜಿಲ್ಲೆಯ ಗಡಿ ಗೊತ್ತಿಲ್ಲವಲ್ಲ. ದೀಪಾವಳಿ ಕಳೆಯುತ್ತಿದ್ದಂತೆ ಅವ್ವ ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಳ್ಳುತ್ತಿದ್ದಳು. ಬೆಳಿಗ್ಗೆ ಪಾತ್ರೆ ತೊಳೆದು ಬಂದು ಅಂಗೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಲ್ಲುತ್ತಿದ್ದಳು. ಅಡುಗೆ ಮುಗಿದ ಮೇಲೂ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಅದನ್ನು ನೋಡಿ ನಗುತ್ತಿದ್ದಳು.

"ಇದೇನ್ ಊರ್ರಿ ಅತ್ತಿ, ನೀರು ಮುಟ್ಟಿದ್ರ ಬೆರಳು ಕಡೀತಾವ."

"ನೀನು ಬಿಸ್ಲು ಕುಡ್ಕಂಡು ಬೆಳ್ದೋಳು. ಇದು ಚಳಿನೇ ಅಲ್ಲ ಬುಡು. ಇಷ್ಟು ವರ್ಷಕ್ಕೆ ನಾನು ಒಂದ್ಸಲನೂ ಕಾಲಿಗೆ ಬಟ್ಟೆ ಸುತ್ತಿಲ್ಲ ಕಣಮ್ಮ."

ಅಜ್ಜಿಗೆ ಅವ್ವನ 'ಯಾಕ'ವೂ 'ಹೌದ್ರಿ'ಯೂ ತಮಾಷೆ. ಅವ್ವನಿಗೆ ಅಜ್ಜಿಯ 'ಬುಡು' ತಮಾಷೆ. ಒಬ್ಬರ ಮಾತನ್ನು ಇನ್ನೊಬ್ಬರು ಅಣಕಿಸಿ ನನ್ನನ್ನು ನಗಿಸುತ್ತಿದ್ದರು. ಜಗಳ ನಿಜಕ್ಕೂ ಬಿಸಿಯಾದಾಗ ಮಾತ್ರ ಇಬ್ಬರೂ ಸಂತೆಯಲ್ಲಿ, ಕಚೇರಿಯಲ್ಲಿ ಆಡುವ ತೆಲುಗಿಗೆ ಇಳಿಯುತ್ತಿದ್ದರು. ಅದು ಇಬ್ಬರ ತವರಿನದೂ ಅಲ್ಲದ ಮಾತು, ಅಲ್ಲಿ ಬೈದದ್ದು ಅಷ್ಟಾಗಿ ನಾಟುತ್ತಿರಲಿಲ್ಲವೋ ಏನೋ. ನಾನು ಇಬ್ಬರಿಂದಲೂ ಮಾತು ಕಲಿತೆ. ಶಾಲೆಯಲ್ಲಿ ನನ್ನನ್ನು "ಎಲ್ಲಿಯವಳೇ ನೀನು?" ಎಂದು ಕೇಳುತ್ತಿದ್ದರು.

ಕೋಳಿಗಳು ಅವ್ವನವು. ಗುಮ್ಮಘಟ್ಟದಲ್ಲಿದ್ದ ಅವಳ ಚಿಕ್ಕಮ್ಮ ಒಂದು ಸಲ ಬುಟ್ಟಿಯಲ್ಲಿ ಒಂದು ಹುಂಜ, ಎರಡು ಹೇಟೆ ಹಾಕಿ ಬಸ್ಸು ಹತ್ತಿಸಿದ್ದಳಂತೆ. ಅವುಗಳ ಸಂತಾನವೇ ನಮ್ಮ ಹಿತ್ತಿಲ ತುಂಬ. ಅದರಲ್ಲಿ ಬೂದುಮೈಗೆ ಬಿಳಿಯ ಚುಕ್ಕಿಗಳಿದ್ದ ಒಂದು ಹೇಟೆ ಅವ್ವನ ಕಾಲು ಬಿಡುತ್ತಿರಲಿಲ್ಲ. ಚುಕ್ಕಿ ಎಂದರೆ ಓಡಿಬರುತ್ತಿತ್ತು. ಆ ಮನೆಯಲ್ಲಿ ಎಲ್ಲವೂ ಅವ್ವ ಬರುವ ಮೊದಲೇ ಇದ್ದವು, ಎಲ್ಲದಕ್ಕೂ ಅವಳು ಬರುವ ಮೊದಲೇ ಒಂದು ಪದ್ಧತಿಯಿತ್ತು. ಕೋಳಿಗಳಿಗೆ ಮಾತ್ರ ಪದ್ಧತಿ ಮಾಡಿದವಳು ಅವಳು. ಹುಳುವಿಗೂ ಕೋಳಿಗೂ ಆಗಿಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೊಬ್ಬಿದ ರೇಷ್ಮೆ ಹುಳುವಿಗಿಂತ ರುಚಿಯಾದದ್ದು ಕೋಳಿಯ ಪಾಲಿಗೆ ಇನ್ನೊಂದಿಲ್ಲ. ಹಾಗಾಗಿ ಅಪ್ಪನ ಕಟ್ಟಪ್ಪಣೆಯಂತೆ ಕೋಳಿಗೂಡು ಹಿತ್ತಿಲ ಕೊನೆಯಲ್ಲಿ, ನುಗ್ಗೆಮರದ ಕೆಳಗೆ, ಮನೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರವಿತ್ತು. ನಾಲ್ಕು ಕಡೆಯ ಗಾಳಿಯೂ ಅದಕ್ಕೇ ಬಡಿಯುತ್ತಿತ್ತು.

ಒಂದು ವರ್ಷದ ಚಳಿ ಮಾತ್ರ ನಮ್ಮಜ್ಜಿಯೂ ಒಪ್ಪಿಕೊಂಡ ಚಳಿ. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಕೋಟೆಗುಡ್ಡ ಇರಲಿ, ನುಗ್ಗೆಮರವೇ ಕಾಣದಷ್ಟು ಮಂಜು. ಹೊಸದಾಗಿ ಮೊಟ್ಟೆಯೊಡೆದ ಮರಿಗಳು ಒಂದೊಂದಾಗಿ ಸೆಟೆದು ಬಿದ್ದಿರುತ್ತಿದ್ದವು. ಅವ್ವ ಅವನ್ನು ಅಂಗೈಯಲ್ಲಿಟ್ಟುಕೊಂಡು ಒಲೆಯ ಮುಂದೆ ಹಿಡಿಯುತ್ತಿದ್ದಳು, ಬಾಯಿಂದ ಬಿಸಿಯುಸಿರು ಊದುತ್ತಿದ್ದಳು. ಕೆಲವು ಕಣ್ಣು ಬಿಟ್ಟವು, ಹೆಚ್ಚಿನವು ಬಿಡಲಿಲ್ಲ. ಅವಳು ಸುಮ್ಮನೆ ಕೂರುವವಳಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದಳು. ಗೂಡಿನ ನಾಲ್ಕೂ ಮಗ್ಗುಲಿಗೆ, ಚಪ್ಪಡಿಯ ಸಂದಿಗೆ, ಬಾಗಿಲಿಗೆ, ಒಂದು ಬೆರಳು ತೂರದಂತೆ ಬಿಗಿದಳು. ಒಳಗೆ ನೆಲದ ಮೇಲೆ ಕಡಲೆಕಾಯಿ ಹೊಟ್ಟು ಹಾಸಿದಳು. ಸಂಜೆ ಕೋಳಿಗಳನ್ನು ಒಳಕ್ಕೆ ಅಟ್ಟಿ ಬಾಗಿಲು ಮುಚ್ಚಿದ ಮೇಲೆ ಗೂಡಿಗೆ ಕಿವಿಗೊಟ್ಟು ನಿಂತಳು.

"ಈಗ ಬೆಚ್ಚಗ ಮಕ್ಕೊಂಡಾವ ನೋಡು ಮಗಳ," ಎಂದು ನನಗೆ ಹೇಳಿದಳು. ಅವಳ ದನಿಯಲ್ಲಿ ಅಷ್ಟು ಸಮಾಧಾನವನ್ನು ನಾನು ಆ ಚಳಿಗಾಲದಲ್ಲಿ ಕೇಳಿರಲಿಲ್ಲ.

ಸಮಾಧಾನ ಒಂದು ವಾರವೂ ಉಳಿಯಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಹಿಕ್ಕೆಯ ಘಾಟು ಬಂತು. ಮೇಲಿನ ಚಪ್ಪಡಿಯ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯ ನೀರಲ್ಲ, ಕೋಳಿಗಳದೇ ಉಸಿರು ಹೊರಗೆ ಹೋಗಲು ದಾರಿಯಿಲ್ಲದೆ ಮೇಲೆ ಕಟ್ಟಿ ಮತ್ತೆ ಅವುಗಳ ಮೈಮೇಲೇ ಇಳಿದಿತ್ತು. ಹೊಟ್ಟು ಒದ್ದೆ, ಪುಕ್ಕ ಒದ್ದೆ. ಕೋಳಿಗಳ ಮೂಗಿನಿಂದ ಸಿಂಬಳ ಸುರಿಯುತ್ತಿತ್ತು, ಗಂಟಲಿನಿಂದ ಗೊರಗೊರ ಸದ್ದು. ಒಂದು ಹೇಟೆ ಮೂಲೆಯಲ್ಲಿ ತಲೆ ಚೆಲ್ಲಿ ಸತ್ತಿತ್ತು. ಅಜ್ಜಿ ಬಂದು ಒಳಗೆ ಕೈಯಾಡಿಸಿ ನೋಡಿದಳು.

"ಮೈತುಂಬ ಪುಕ್ಕ ಐತೆ, ಚಳಿಗೆ ಸಾಯ್ತಿರ್ಲಿಲ್ಲ ಇದು. ಉಸ್ರು ಕಟ್ಸಿ ಕೊಂದೆ ಕಣಮ್ಮ ನೀನು."

ಅವ್ವ ತೆಲುಗಿಗೂ ಇಳಿಯಲಿಲ್ಲ. ಸತ್ತ ಕೋಳಿಯನ್ನು ಎತ್ತಿಕೊಂಡು ಹೋಗಿ ಹೂಳಿ ಬಂದಳು. ಸಾಮಾನ್ಯವಾಗಿ ಕೋಳಿ ಸತ್ತರೆ ಹೂಳುವ ಮನೆಯಲ್ಲ ನಮ್ಮದು. ಅವತ್ತು ಸಾರಿಗಾಗಿ ಕೇಳುವ ಧೈರ್ಯ ಅಪ್ಪನಿಗೂ ಬರಲಿಲ್ಲ.

ಅದರ ಬೆನ್ನಿಗೇ ಸಮುದ್ರದ ಕಡೆ ತುಫಾನು ಎದ್ದಿತು. ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಗಾಳಿಯೂ ಜಿಟಿಜಿಟಿ ಮಳೆಯೂ ಆಗಿ ಉಳಿದಿರುತ್ತದೆ. ಆದರೆ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಹುಳುಗಳು ನಾಲ್ಕನೆಯ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಹಗಲಿರುಳು ಮೇಯುವ ಕೊನೆಯ ಹಂತದಲ್ಲಿದ್ದವು. ಒದ್ದೆ ಸೊಪ್ಪು ಹಾಕಿದರೆ ರೋಗ ಬರುತ್ತದೆಂದು ಅಪ್ಪ ಕೊಯ್ದು ತಂದ ಸೊಪ್ಪನ್ನೆಲ್ಲ ಪಡಸಾಲೆಯಲ್ಲಿ ಹರವಿ, ನಾವು ಬಟ್ಟೆಯಿಂದ ಎಲೆ ಎಲೆ ಒರೆಸಿ ಒಳಗೆ ಕೊಡುತ್ತಿದ್ದೆವು. ಅಪ್ಪ ಕುಂಪಟಿಯ ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು, ನಿದ್ದೆಯಿಲ್ಲದೆ, ಯಾರು ಮಾತಾಡಿಸಿದರೂ ಸಿಡುಕುತ್ತಿದ್ದ. ಇತ್ತ ನುಗ್ಗೆಮರದ ಕೆಳಗಿನ ಗೂಡಿನೊಳಕ್ಕೆ ನೀರು ನುಗ್ಗಿತು. ಚುಕ್ಕಿ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಅವ್ವ ಯಾರನ್ನೂ ಕೇಳಲಿಲ್ಲ. ಎಲ್ಲ ಕೋಳಿಗಳನ್ನೂ ಅಡುಗೆಮನೆಗೆ ತಂದು ದೊಡ್ಡ ಮಂಕರಿಯನ್ನು ಬೋರಲು ಹಾಕಿ ಮುಚ್ಚಿದಳು. ಚುಕ್ಕಿಗೆ ಒಲೆಯ ಪಕ್ಕದ ಮೂಲೆಯಲ್ಲಿ ಬೇರೆಯೇ ಬುಟ್ಟಿ. ಅದರ ತಳಕ್ಕೆ ಬೂದಿ, ಬೂದಿಯ ಮೇಲೆ ರಾಗಿಹುಲ್ಲು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅದರೊಳಗೆ ಒಂದು ಕಬ್ಬಿಣದ ಮೊಳೆ.

ಮಾರನೆಯ ಬೆಳಗಿನ ಹೊತ್ತು. ಅಪ್ಪ ಸೊಪ್ಪಿಗೆ ಹೋಗಿದ್ದ. ಅಡುಗೆಮನೆಗೂ ಹುಳುಮನೆಗೂ ನಡುವೆ ಒಂದು ಕಿರುಬಾಗಿಲಿತ್ತು. ಅದರ ಅಗುಳಿ ಸಡಿಲ. ಗಾಳಿ ನೂಕಿತೋ, ಒಳಗೆ ಕೆಂಡ ನೋಡಲು ಹೋದವರು ಯಾರಾದರೂ ಹಾಕುವುದನ್ನು ಮರೆತರೋ ಇವತ್ತಿಗೂ ಗೊತ್ತಿಲ್ಲ. ಹುಂಜ ಮಂಕರಿಯನ್ನು ಎತ್ತಿಹಾಕಿತ್ತು. ನಾವು ಸದ್ದು ಕೇಳಿ ಒಳಗೆ ಹೋಗುವಷ್ಟರಲ್ಲಿ ಕೋಳಿಗಳೆಲ್ಲ ಕೆಳಗಿನ ಎರಡು ತಟ್ಟೆಗಳ ಮೇಲೆ ನಿಂತು, ತಮ್ಮ ಜನ್ಮದಲ್ಲಿ ಇಂಥ ಹಬ್ಬ ಕಂಡಿಲ್ಲ ಎಂಬಂತೆ ಕುಕ್ಕುತ್ತಿದ್ದವು. ಅವ್ವ ಕೈಗೆ ಸಿಕ್ಕಿದ್ದನ್ನು ಕೈಗೆ, ಸೆರಗಿಗೆ ಸಿಕ್ಕಿದ್ದನ್ನು ಸೆರಗಿಗೆ ಹಿಡಿಯುತ್ತಿದ್ದಳು. ಅದೇ ಹೊತ್ತಿಗೆ ಅಪ್ಪ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತ.

ಅಪ್ಪ ಕೈ ಎತ್ತುವ ಮನುಷ್ಯನಲ್ಲ. ಬಾಯೂ ಹೆಚ್ಚಾಗಿ ಎತ್ತುವವನಲ್ಲ. ಅವತ್ತು ಹೊರೆಯನ್ನು ನೆಲಕ್ಕೆ ಹಾಕಿ ಕೂಗಿದ.

"ಹೊಟ್ಟೆಗೆ ಹಿಟ್ಟಿಲ್ದೆ ಇದ್ರೂ ಹುಳ ಸಾಕ್ತಾ ಇವ್ನಿ ನಾನು! ನೀನು ಕೋಳಿ ತಂದು ಒಳಿಕ್ಕೆ ಬುಡ್ತೀಯಾ? ಒತ್ಕಂಡೋಗು ಎಲ್ಲಾನೂ. ನಿಮ್ಮೂರಿಗೇ ಒತ್ಕಂಡೋಗು!"

"ಹೊರಗ ನೀರಾಗ ಸಾಯಾಕ ಬಿಡ್ಲೇನ್ರಿ?"

"ಸಾಯ್ಲಿ!"

ಅವ್ವ ತಲೆಗೂದಲಿಗೆ ಸಿಕ್ಕಿಕೊಂಡಿದ್ದ ಒಂದು ಪುಕ್ಕವನ್ನು ತೆಗೆದು ಹಾಕಿದಳು. ಆಮೇಲೆ ಬಹಳ ಮೆಲ್ಲಗೆ, ನನಗೂ ಕಷ್ಟಪಟ್ಟು ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಈ ಮನಿಯಾಗ ಹುಳಕ್ಕ ಬೆಂಕಿ ಐತಿ. ನಮಗ ಏನೈತ್ರಿ?"

ಅವಳು ಕೋಳಿಗೆ ಎನ್ನಲಿಲ್ಲ, ನಮಗ ಎಂದಳು. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ, ಅವನು ಮೊಣಕಾಲೂರಿ ಚದುರಿದ ಹುಳುಗಳನ್ನು ಆಯುತ್ತಿದ್ದ. ನಾನು ಅಲ್ಲೇ ನಿಂತಿದ್ದೆ. ಅವ್ವನಿಗೆ ಚಳಿಯಾಗುತ್ತದೆ ಎಂಬುದು ಅದುವರೆಗೆ ನನ್ನ ಪಾಲಿಗೆ ಮನೆಯ ಒಂದು ನಗೆಮಾತಾಗಿತ್ತು. ಅದು ನೋವು ಎಂದು ಗೊತ್ತಾದದ್ದು ಆ ಗಳಿಗೆಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಅವ್ವ ಎರಡು ಬುಟ್ಟಿಗಳಲ್ಲಿ ಕೋಳಿಗಳನ್ನು ತುಂಬಿ, ಮೇಲೆ ಹಳೆಯ ಸೀರೆ ಕಟ್ಟಿ, ರೊಳ್ಳಕ್ಕೆ ಹೋಗುವ ಆಟೋ ಹತ್ತಲು ಸಿದ್ಧವಾದಳು. ಅಲ್ಲಿಂದ ಮಡಕಶಿರ, ಅಲ್ಲಿಂದ ಬಸ್ಸುಗಳನ್ನು ಬದಲಾಯಿಸುತ್ತಾ ರಾಯದುರ್ಗ. ನಾನೂ ಬರುತ್ತೇನೆಂದು ಚೀಲಕ್ಕೆ ಲಂಗ ತುರುಕಿಕೊಂಡೆ. ಅವಳು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋಗಿ ಬುಟ್ಟಿಯ ಪಕ್ಕ ಕೂರಿಸಿದಳು. ಚುಕ್ಕಿ ನಮ್ಮನ್ನು ನೋಡಿ ಪುಕ್ಕ ಉಬ್ಬಿಸಿ ಗುರ್ರೆಂದಿತು.

"ಇದು ಕಾವಿಗೆ ಕುಂತೈತಿ. ಎಬ್ಬಿಸಿದ್ರ ಮೊಟ್ಟಿ ತಣ್ಣಗಾಗ್ತಾವ. ನೀನೂ ಬಂದ್ರ ಇದನ್ನ ನೋಡೋರು ಯಾರು?"

ಹಾಗೆ ನಾನು ಉಳಿದೆ. ಹತ್ತು ವರ್ಷದವಳಿಗೆ ಅದಕ್ಕಿಂತ ದೊಡ್ಡ ಜವಾಬ್ದಾರಿಯನ್ನು ಯಾರೂ ಕೊಟ್ಟಿರಲಿಲ್ಲ. ಈಗ ನೆನೆದರೆ ಅವ್ವ ಮರಳಿ ಬರಲು ಒಂದು ದಾರಿಯನ್ನು ಬಿಟ್ಟೇ ಹೋಗಿದ್ದಳು ಅನ್ನಿಸುತ್ತದೆ. ಆಗ ನನಗೆ ಹಾಗೆ ಹೊಳೆಯಲಿಲ್ಲ. ಅವಳು ಹೋದಳು ಎಂಬುದಷ್ಟೇ ಹೊಳೆಯಿತು.

ಅವ್ವ ಇಲ್ಲದ ಮನೆ ಮೊದಲು ನಾಲಿಗೆಗೆ ಗೊತ್ತಾಯಿತು. ರಾತ್ರಿಯೂಟಕ್ಕೆ ಅವಳು ತಟ್ಟುತ್ತಿದ್ದ ಜೋಳದ ರೊಟ್ಟಿಯಿಲ್ಲ. ಬೆಳಿಗ್ಗೆ ಮುದ್ದೆ, ರಾತ್ರಿ ಮುದ್ದೆ, ಎರಡಕ್ಕೂ ಒಂದೇ ಹುರುಳಿಸಾರು. ಅಪ್ಪ ಮೊದಲ ಎರಡು ದಿನ ಏನೂ ಆಗಿಲ್ಲವೆಂಬಂತೆ ಉಂಡ. ಹುಳುಗಳು ಹಣ್ಣಾಗತೊಡಗಿದವು. ಮೈ ಹೊಳೆಯುತ್ತಾ ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುವ ಹುಳುಗಳನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಸುರುಳಿಗಳಿಗೆ ಬಿಡಬೇಕು. ಅದಕ್ಕೆ ಅವ್ವನ ಕೈಯಷ್ಟು ಚುರುಕಾದ ಕೈ ಊರಲ್ಲೇ ಇರಲಿಲ್ಲ. ಅಪ್ಪ ಆಯುತ್ತಾ ಆಯುತ್ತಾ ಅಭ್ಯಾಸಬಲದಿಂದ "ಇತ್ತ ತಟ್ಟೆ ಕೊಡು" ಎಂದು ಹಿಂದಕ್ಕೆ ಕೈಚಾಚಿದ. ತಟ್ಟೆ ಕೊಟ್ಟವಳು ನಾನು. ಅವನು ತಿರುಗಿ ನೋಡಿ ಇಸಿದುಕೊಂಡ.

ಅಜ್ಜಿ ಚುಕ್ಕಿಯ ಕಡೆ ನೋಡಿಯೂ ನೋಡದಂತಿದ್ದಳು. ಆದರೆ ಒಂದು ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಬಂದಾಗ ಅವಳು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಲೆಯಿಂದ ಬಿಸಿಬೂದಿಯನ್ನು ಮೊರದಲ್ಲಿ ತುಂಬಿ ತಂದು, ಬುಟ್ಟಿಯ ಸುತ್ತ ಒಡ್ಡು ಕಟ್ಟಿದಂತೆ ಸುರಿಯುತ್ತಿದ್ದಳು. ಪಕ್ಕದಲ್ಲಿ ತೆಂಗಿನ ಕರಟದ ತುಂಬ ಬೆಚ್ಚನೆಯ ರಾಗಿಗಂಜಿ. ಚುಕ್ಕಿ ಕೂತಲ್ಲಿಂದಲೇ ಕತ್ತು ಚಾಚಿ ಅಜ್ಜಿಯ ಕೈಯಿಂದ ಗಂಜಿ ಕುಡಿಯುತ್ತಿತ್ತು. ಎಷ್ಟು ದಿನದಿಂದ ನಡೆಯುತ್ತಿತ್ತೋ, ಅದಕ್ಕೆ ಅವಳ ಕೈ ಚೆನ್ನಾಗಿ ಪರಿಚಯವಾಗಿತ್ತು.

"ಅಜ್ಜಿ, ಕೋಳಿಗೆ ಮೈತುಂಬ ಪುಕ್ಕ ಐತೆ, ಚಳಿಯಾಗಲ್ಲ ಅಂತಿದ್ದೆ?"

"ಸುಮ್ಕಿರು ಕೂಸೆ. ಇದು ಕಾವಿಗೆ ಕೂತೈತೆ. ತಿನ್ನಕ್ಕೂ ಏಳಲ್ಲ. ತನ್ ಮೈಯಾಗಿನ ಬಿಸಿನೆಲ್ಲ ಮೊಟ್ಟೆಗೆ ಕೊಟ್ಬುಡ್ತದೆ, ಇದಕ್ಕೇನು ಉಳೀತದೆ?" ಸ್ವಲ್ಪ ಹೊತ್ತು ಬೂದಿಯನ್ನು ಕೈಯಿಂದ ಸರಿಪಡಿಸುತ್ತಾ ಕೂತಳು. "ನಾನು ಈ ಮನೆಗೆ ಬಂದಾಗ ಕೊಟ್ಟಿಗೇಲಿ ಕರದ ಮಗ್ಲಾಗೆ ಮಲಗ್ತಿದ್ದೆ. ಅದರ ಮೈ ಬೆಚ್ಚಗಿರದು. ಯಾರ್ಗೂ ಹೇಳಿರ್ಲಿಲ್ಲ. ಹೇಳಿದ್ರೆ ನಗ್ತಿದ್ರು."

ಕರು ಎಂಬುದನ್ನು ಅವಳು ಯಾವಾಗಲೂ 'ಕರ' ಎನ್ನುತ್ತಿದ್ದಳು. ಆ ಬೆಳಿಗ್ಗೆ ಕೊಟ್ಟಿಗೆಯ ಹುಲ್ಲಿನಲ್ಲಿ, ಕರುವಿನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ ಒಂದು ಎಳೆಯ ಹುಡುಗಿಯನ್ನು ನಾನು ಕಣ್ಣಾರೆ ಕಂಡಂತಾಯಿತು. ಅಜ್ಜಿ ಅಜ್ಜಿಯಾಗಿಯೇ ಹುಟ್ಟಿರಲಿಲ್ಲ ಎಂದು ತಿಳಿದದ್ದು ಆಗಲೇ.

ಅಪ್ಪನ ಮನಸ್ಸನ್ನು ತಿರುಗಿಸಿದ್ದು ನಮ್ಮ ಬೀದಿಯ ನಾಯಿ. ಹಿತ್ತಿಲಲ್ಲಿ ಖಾಲಿಯಾದ ತಟ್ಟೆಗಳನ್ನು ತೊಳೆದು ನಿಲ್ಲಿಸುತ್ತಿದ್ದಾಗ, ಅದು ಹುಳುಮನೆಯ ಹಿಂಗೋಡೆಗೆ ಬೆನ್ನು ಅಂಟಿಸಿಕೊಂಡು ಮಲಗಿದ್ದನ್ನು ನೋಡಿದ. ಗದರಿಸಿದರೂ ಏಳಲಿಲ್ಲ. ಅಪ್ಪ ಹೋಗಿ ಗೋಡೆಗೆ ಅಂಗೈ ಒತ್ತಿದ. ಎರಡೂ ಅಂಗೈ ಒತ್ತಿದ. ಆಮೇಲೆ ನನ್ನನ್ನು ಕರೆದ.

"ಮುಟ್ಟಿ ನೋಡು."

ಮಣ್ಣಿನ ಗೋಡೆ ಜ್ವರ ಬಂದವರ ಹಣೆಯ ಹಾಗೆ ಬೆಚ್ಚಗಿತ್ತು. ಆಚೆ ಬದಿಯಲ್ಲಿ ಕುಂಪಟಿಗಳಿದ್ದವು. ಇಷ್ಟು ವರ್ಷ ಆ ಬಿಸಿ ಗೋಡೆಯನ್ನು ದಾಟಿ ಹಿತ್ತಿಲ ಗಾಳಿಗೆ ಸೇರಿ ಹೋಗುತ್ತಿತ್ತು.

ಹುಳುಗಳೆಲ್ಲ ನೂಲು ಸುತ್ತಿಕೊಂಡು ಮರೆಯಾದ ಮೇಲೆ, ಬಿಡುವಾದ ಮೊದಲ ದಿನವೇ ಅಪ್ಪ ಕಲ್ಲು ಹೊತ್ತು ತಂದ. ನಾನು ಮಣ್ಣು ಕಲಸಿ ಉಂಡೆ ಮಾಡಿ ಕೊಟ್ಟೆ. ಹಿಂಗೋಡೆಯನ್ನೇ ಒಂದು ಮಗ್ಗುಲಾಗಿ ಮಾಡಿ ಉಳಿದ ಮೂರು ಮಗ್ಗುಲು ಎಬ್ಬಿಸಿದ. ನೆಲವನ್ನು ಒಂದು ಮೊಳ ಎತ್ತರಿಸಿದ, ನೀರು ನುಗ್ಗದಂತೆ. ಒಳಗೆ ಕೋಳಿಗಳು ಕೂರಲು ಅಗಲವಾದ ಮರದ ತುಂಡನ್ನು ಅಡ್ಡ ಇಟ್ಟ. ಕಂಬಿಯಂಥ ಸಣ್ಣ ಕೋಲಾದರೆ ಬೆರಳು ಹೊರಗೆ ಉಳಿದು ಮರಗಟ್ಟುತ್ತವೆ, ಅಗಲವಾಗಿದ್ದರೆ ಕಾಲಿನ ಮೇಲೆ ಹೊಟ್ಟೆ ಊರಿ ಪುಕ್ಕದಲ್ಲಿ ಮುಚ್ಚಿಕೊಳ್ಳುತ್ತವೆ ಎಂದ. ಕೋಳಿಗಳ ಬಗ್ಗೆ ಅವನು ಇಷ್ಟೆಲ್ಲ ಯಾವಾಗ ನೋಡಿಟ್ಟುಕೊಂಡಿದ್ದನೋ. ಮೇಲೆ ಚಪ್ಪಡಿ ಎಳೆಯುವ ಮೊದಲು, ಗಾಳಿ ಬೀಸದ ಮಗ್ಗುಲಿನಲ್ಲಿ, ಕೋಳಿಗಳ ತಲೆಗಿಂತ ಎತ್ತರದಲ್ಲಿ ಅಂಗೈಯಗಲದ ಎರಡು ಕಿಂಡಿ ಬಿಟ್ಟ.

"ಅದರಾಗೆ ಚಳಿ ಬರಲ್ವಾ?"

"ಗಾಳಿ ತಲೆ ಮ್ಯಾಲೆ ಹೋಗ್ತದೆ, ಮೈಗೆ ಬಡಿಯಲ್ಲ. ಉಸ್ರು ಆಚಿಕೆ ಹೋಗ್ಬೇಕು ಪಾಪ. ಹುಳಿನ್ ಮನೆಗೂ ಅಷ್ಟೆ, ಬಿಸಿ ಎಷ್ಟು ಮುಖ್ಯನೋ ಕಿಂಡಿನೂ ಅಷ್ಟೇ ಮುಖ್ಯ. ನಿಮ್ಮವ್ವಂಗೆ ಅವತ್ತೇ ಹೇಳ್ಬೇಕಾಗಿತ್ತು ನಾನು. ಕೂತು ಹೇಳ್ಲಿಲ್ಲ."

ಈಗ ನಾನು ಮಡಕಶಿರದಲ್ಲೇ ಇದ್ದೇನೆ. ಹಿತ್ತಿಲಲ್ಲಿ ಒಂದಷ್ಟು ಕೋಳಿಗಳಿವೆ. ಚಳಿಗಾಲ ಬಂದರೆ ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ಏನೇನೋ ವಿಡಿಯೋ ನೋಡಿ ಬಂದು, ಗೂಡಿಗೆ ದೊಡ್ಡ ಬಲ್ಬು ಹಾಕಲೇ, ಸುತ್ತ ಥರ್ಮಾಕೋಲ್ ಬಡಿಯಲೇ ಎಂದು ಕೇಳುತ್ತಾಳೆ. ಮರಿಗಳಿದ್ದರೆ ಬಲ್ಬು ಹಾಕು, ವೈರು ಹೊಟ್ಟಿಗೆ ತಾಗದಂತೆ ನೋಡಿಕೋ ಎನ್ನುತ್ತೇನೆ. ದೊಡ್ಡ ಕೋಳಿಗಳಿಗೆ ಹಾಸು ಒಣಗಿರಲಿ, ಸಂಜೆ ಹೊಟ್ಟೆ ತುಂಬ ಜೋಳ ಹಾಕು, ಮೇಲೆ ಕಿಂಡಿ ಮುಚ್ಚಬೇಡ, ಅಷ್ಟು ಸಾಕು. ಅವಳು ನಾನು ಇದನ್ನೆಲ್ಲ ಎಲ್ಲಿ ಓದಿದೆ ಎಂದು ಕೇಳಿದಳು. ನನಗೆ ನಗು ಬಂತು. ಒಂದು ಕಡೆ ಕೂತು ಹೇಳಿಕೊಳ್ಳಲು ಬಾರದ ಮೂವರು ದೊಡ್ಡವರ ನಡುವೆ ಕಲಿತದ್ದು ಎಂದು ಅವಳಿಗೆ ಹೇಗೆ ಹೇಳಲಿ?

ಅಪ್ಪ ಆ ಗೂಡು ಕಟ್ಟಿದ ಎರಡು ದಿನಕ್ಕೆ ಚುಕ್ಕಿಯ ಬುಟ್ಟಿಯಲ್ಲಿ ಚಿಲಿಪಿಲಿ ಕೇಳಿಸಿತು. ಒಂದೆರಡು ಮೊಟ್ಟೆ ಬಿಟ್ಟರೆ ಉಳಿದವೆಲ್ಲ ಒಡೆದವು. ಮರಿಗಳ ಮೈ ಒಣಗಿ ಹತ್ತಿಯುಂಡೆಯಂತೆ ಆದದ್ದೇ ತಡ, ನಾನು ಅಪ್ಪನ ಮುಂದೆ ನಿಂತೆ.

"ಮರಿ ಆದ್ವು ಅಂತ ಅವ್ವಂಗೆ ಹೇಳ್ಬೇಕು."

ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಾ ತಲೆಯೆತ್ತದೆ ಹೇಳಿದಳು.

"ನನ್ ಮಕ ಯಾಕೆ ನೋಡ್ತೀಯಾ? ಬಸ್ಸು ನೋಡೋಗು."

ರಾಯದುರ್ಗದಲ್ಲಿ ನನ್ನ ಸೋದರಮಾವ ಮನೆಯ ಮುಂದಿನ ಅಂಕಣದಲ್ಲಿ ನಾಲ್ಕಾರು ಮೆಷಿನ್ ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ. ಬೀದಿಗೆ ಬೀದಿಯೇ ಮೆಷಿನ್ನುಗಳ ಸದ್ದು. ಬೆಟ್ಟದ ಬಂಡೆಗೆ ಬಿಸಿಲು ಹೊಡೆದು ಇಡೀ ಕೇರಿ ಬೆಚ್ಚಗಿತ್ತು. ಅಂಗಳದಲ್ಲಿ ಕತ್ತರಿಸಿ ಬಿಸಾಡಿದ ನೀಲಿ ಚಿಂದಿಯ ರಾಶಿ, ಆ ರಾಶಿಯ ಮೇಲೆ ನಮ್ಮ ಕೋಳಿಗಳು ಮೈ ಚೆಲ್ಲಿ, ಒಂದು ರೆಕ್ಕೆ ಬಿಡಿಸಿಕೊಂಡು ಬಿಸಿಲು ಕಾಯಿಸುತ್ತಿದ್ದವು. ಮೂಗಿನ ಸಿಂಬಳವೆಲ್ಲ ಹೋಗಿ ಜುಟ್ಟು ಕೆಂಪಗಾಗಿತ್ತು. ಒಳಗೆ ಕೊನೆಯ ಮೆಷಿನ್ನಿನಲ್ಲಿ ಅವ್ವ ಕೂತಿದ್ದಳು. ಸೆರಗು ಕಿವಿ ಮುಚ್ಚಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿತ್ತು. ಹಾಗೆ ಅವಳು ಎಷ್ಟು ಚಿಕ್ಕವಳಾಗಿ ಕಾಣುತ್ತಿದ್ದಳೆಂದರೆ ನನಗೆ ಒಂದು ಗಳಿಗೆ ಕರೆಯಲು ಸಂಕೋಚವಾಯಿತು. ಆಮೇಲೆ ಓಡಿಹೋಗಿ ಅವಳ ಬೆನ್ನಿಗೆ ಅಂಟಿಕೊಂಡೆ.

"ಬರ್ರಿ ಭಾವ, ಕುಂದರ್ರಿ. ಏನ್ ಬಾಗಲ್ದಾಗ ನಿಂತ್ರಿ?" ಎಂದ ಮಾವ.

ಅಪ್ಪ ಕೂರಲಿಲ್ಲ. ಅವ್ವ ನನ್ನ ತಲೆಯನ್ನು ಒಂದು ಕೈಯಿಂದ ಸವರಿ, ಮೆಷಿನ್ ನಿಲ್ಲಿಸದೆಯೇ ಕೇಳಿದಳು.

"ಹುಳ ಹೆಂಗಾದ್ವು?"

"ಚೆನ್ನಾಗಾದ್ವು." ಅಪ್ಪ ಗಂಟಲು ಸರಿಮಾಡಿಕೊಂಡ. "ಗೂಡು ಕಟ್ಟಾಯ್ತು."

"ಕಟ್ಟದ ಏನ್ ಮಾಡ್ತಾವ್ರಿ, ಅಷ್ಟು ಬೆಂಕಿ ಕಾಸಿದ ಮ್ಯಾಲ."

"ಹುಳ ಅಲ್ಲ. ನಾನು ಕಟ್ದೆ."

ಅವ್ವನ ಕಾಲು ತುಳಿಯುವುದನ್ನು ನಿಲ್ಲಿಸಿತು. ಮಾವ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬೇರೆ ಕಡೆ ತಿರುಗಿದ. ಅಪ್ಪ ನೆಲ ನೋಡುತ್ತಾ ಮುಂದುವರಿಸಿದ.

"ಕೋಳಿಗೆ. ಹುಳಿನ್ ಮನೆ ಗ್ವಾಡೆಗೆ ಒರಗ್ಸಿ ಕಟ್ಟಿವ್ನಿ. ಬೆಚ್ಚಗೈತೆ. ಬಂದು ಮುಟ್ಟಿ ನೋಡು."

"ಚುಕ್ಕಿ ಮರಿ ಮಾಡೈತವ್ವ!" ಎಂದು ನಾನು ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

ಅವ್ವ ಅಂದೇ ಹ್ಞೂಂ ಎನ್ನಲಿಲ್ಲ. ಅಪ್ಪನಿಗೆ ರೊಟ್ಟಿ, ಎಣಗಾಯಿ ಬಡಿಸಿದಳು. ಅಪ್ಪ ಎಷ್ಟು ಉಂಡನೆಂದರೆ ಮಾವನ ಹೆಂಡತಿ ಎರಡನೆಯ ಸಲ ಹಿಟ್ಟು ನಾದಬೇಕಾಯಿತು. ಸಂಜೆಯವರೆಗೂ ಅವ್ವ ಮೆಷಿನ್ನಿನ ಮುಂದೆಯೇ ಇದ್ದಳು. ಮರುದಿನ ಬೆಳಿಗ್ಗೆ ಎರಡು ಕೋಳಿಬುಟ್ಟಿಗಳ ಜೊತೆಗೆ ಹಗ್ಗ ಹಾಕಿ ಕಟ್ಟಿದ ಒಂದು ದೊಡ್ಡ ಗಂಟನ್ನೂ ತಂದು ಜಗಲಿಯ ಮೇಲಿಟ್ಟಳು. ಅದರಲ್ಲೇನಿದೆ ಎಂದು ಯಾರೂ ಕೇಳಲಿಲ್ಲ.

ನಾವು ಊರು ಮುಟ್ಟಿದಾಗ ಬೆಳಕು ಇಳಿಯುತ್ತಿತ್ತು, ಗಾಳಿ ಎದ್ದಿತ್ತು. ಅವ್ವ ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಿಲಿಗೆ ಹೋದಳು. ಹೊಸ ಗೂಡಿನ ಮುಂದೆ ಕೂತು ಒಳಗೆ ಭುಜದವರೆಗೆ ಕೈ ಚಾಚಿ ಹಿಂಗೋಡೆ ಮುಟ್ಟಿದಳು. ನನಗೆ ಆಗಲೇ ಹೊಳೆಯಿತು. ಹುಳುಗಳೇ ಇಲ್ಲವಲ್ಲ! ರೇಷ್ಮೆಗೂಡು ಬಿಡಿಸಿ ಹಿಂದೂಪುರದ ಸಂತೆಗೆ ಕಳಿಸಿಯಾಗಿತ್ತು, ಇನ್ನೊಂದು ಬೆಳೆ ಬರಲು ದಿನಗಳಿದ್ದವು, ಕೆಂಡ ಯಾರು ಹಾಕಿರುತ್ತಾರೆ? ಅಪ್ಪ ನನ್ನತ್ತ ತಿರುಗಿದ. ಅವನಿಗೂ ಅದು ಹೊಳೆದಿರಲೇ ಇಲ್ಲ. ಆದರೆ ಅವ್ವ ಕೈ ಹೊರಗೆ ತೆಗೆಯಲಿಲ್ಲ. ಅಲ್ಲೇ ಬಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಬೆಚ್ಚಗೈತಿ," ಎಂದಳು.

ನಾವು ಒಳಗೆ ಓಡಿದೆವು. ಖಾಲಿ ಹುಳುಮನೆಯಲ್ಲಿ, ಖಾಲಿ ತಟ್ಟೆಗಳ ನಡುವೆ, ಎರಡೂ ಕುಂಪಟಿಗಳಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಅಜ್ಜಿ ಒಂದರ ಮುಂದೆ ಕೂತು ಊದುಗೊಳವೆಯಿಂದ ಊದುತ್ತಿದ್ದಳು. ಅವಳ ಮಡಿಲಲ್ಲಿ ಚುಕ್ಕಿಯ ಮರಿಗಳು ಸೆರಗಿನ ಮಡಿಕೆಗಳಲ್ಲಿ ಹುದುಗಿದ್ದವು. ಚುಕ್ಕಿ ಪಕ್ಕದಲ್ಲೇ ನಿಂತಿತ್ತು, ಹುಳುಮನೆಯ ನಟ್ಟನಡುವೆ, ಯಾರ ಭಯವೂ ಇಲ್ಲದೆ.

"ಹುಳನೇ ಇಲ್ಲ, ಇದ್ಲು ಯಾಕವ್ವಾ ಸುಡ್ತಿದೀಯಾ?" ಎಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಇವಳು ಬಂದ್ ಮುಟ್ಟಿ ನೋಡಿದಾಗ ತಣ್ಣಗಿದ್ರೆ ನಿನ್ ಮಾನ ಹೋಗ್ತಿತ್ತಲ್ಲೋ." ಅಜ್ಜಿ ಅವ್ವನ ಕಡೆ ತಿರುಗಿದಳು. "ಮ್ಯಾಲೆ ಕಿಂಡಿ ಬುಡ್ಸಿವ್ನಿ ಕಣಮ್ಮ. ಉಸ್ರು ಆಚಿಕೆ ಹೋಗ್ಬೇಕು."

ಕಿಂಡಿ ಬಿಟ್ಟವನು ಅಪ್ಪ. ಅವನು ಬಗ್ಗಿ ಕೆಂಡ ಕೆದಕಿದ. ಅವ್ವ "ಹೌದ್ರಿ ಅತ್ತಿ" ಎಂದಳು.

ರಾತ್ರಿಯೂಟ ಆ ಬೆಚ್ಚನೆಯ ಕೋಣೆಯಲ್ಲೇ ಆಯಿತು. ನನಗೆ ನೆನಪಿರುವಂತೆ ನಾವು ನಾಲ್ವರೂ ಅಲ್ಲಿ ಒಟ್ಟಿಗೆ ಕೂತು ಉಂಡದ್ದು ಅದೇ ಮೊದಲು. ಉಂಡಾದ ಮೇಲೆ ಅವ್ವ ಗಂಟು ಬಿಚ್ಚಿದಳು. ಜೀನ್ಸಿನ ಚಿಂದಿಗಳನ್ನು ಒಂದಕ್ಕೊಂದು ಜೋಡಿಸಿ, ಎರಡು ಪದರದ ನಡುವೆ ಹಳೆಯ ಸೀರೆಗಳನ್ನಿಟ್ಟು ಹೊಲಿದ ಕೌದಿ. ಕಡುನೀಲಿ, ತಿಳಿನೀಲಿ, ಕಪ್ಪು; ಅಲ್ಲಲ್ಲಿ ಯಾರದೋ ಪ್ಯಾಂಟಿಗೆ ಆಗಬೇಕಾಗಿದ್ದ ಜೇಬು. ಎತ್ತಲು ಇಬ್ಬರು ಬೇಕೆನಿಸುವಷ್ಟು ಭಾರ. ಅಪ್ಪ ಅದರ ಅಂಚು ಹಿಡಿದು ನೋಡಿದ.

"ಗೂಡಿನ ಬಾಗ್ಲಿಗೆ ಇಳಿಬಿಡಕ್ಕೆ ಚೆನ್ನಾಗೈತೆ."

"ಕೋಳಿಗಲ್ರಿ," ಎಂದಳು ಅವ್ವ.

"ಮತ್ತೆ? ನಮ್ಮವ್ವಂಗಾ?"

"ಅತ್ತಿಗೂ ಅಲ್ಲ." ಅವಳು ಕೌದಿಯನ್ನು ಕೊಡವಿ, ಗೋಡೆಗೆ ಒರಗಿ ಕೂತು, ಕಾಲಿನಿಂದ ಗಲ್ಲದವರೆಗೆ ಎಳೆದುಕೊಂಡಳು. "ಇದು ನನಗ."

ಯಾರೂ ನಗಲಿಲ್ಲ. ಅವಳು ಆ ಮನೆಯಲ್ಲಿ 'ನನಗೆ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೇಡಿಕೆಯಂತೆ ಅಲ್ಲ, ದೂರಿನಂತೆಯೂ ಅಲ್ಲ, ಬೆಲ್ಲ ಡಬ್ಬಿಯಲ್ಲಿದೆ ಎಂದು ಹೇಳಿದ ಹಾಗೆ ಹೇಳಿದಳು. ಆಮೇಲಿನ ಬದುಕಿನಲ್ಲಿ ನಾನು ಬಾಯಿಬಿಟ್ಟು ಏನನ್ನಾದರೂ ನನಗೆ ಬೇಕೆಂದು ಹೇಳಬೇಕಾಗಿ ಬಂದಾಗಲೆಲ್ಲ ನಾಲಿಗೆಯ ತುದಿಗೆ ರಾಯದುರ್ಗದ ಕನ್ನಡವೇ ಬಂದಿದೆ.

ಕೆಂಡದ ಮೇಲೆ ಬೂದಿ ಕಟ್ಟತೊಡಗಿತು. ಅಜ್ಜಿ ಮರಿಗಳನ್ನು ಒಂದೊಂದಾಗಿ ಚುಕ್ಕಿಯ ರೆಕ್ಕೆಯಡಿ ಸೇರಿಸಿದಳು. ಆಮೇಲೆ ಅವ್ವನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತು ಮಾಡು ನೋಡಿದಳು, ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ಕೊನೆಗೆ ಬಿರುಕುಬಿಟ್ಟ ತನ್ನ ಎರಡೂ ಪಾದಗಳನ್ನು ಕೌದಿಯ ಅಂಚಿನೊಳಕ್ಕೆ ಮೆಲ್ಲನೆ ತೂರಿಸಿದಳು. ಅವ್ವ ಕಣ್ಣು ತೆರೆಯಲಿಲ್ಲ. ತನ್ನ ಕಾಲನ್ನು ಒಂದಿಷ್ಟು ಆಚೆ ಸರಿಸಿ ಜಾಗ ಕೊಟ್ಟಳು.